ನಿದ್ದೆ ಬಾರದಿದ್ದರೆ ಕುತ್ತಿಗೆ ತಿರುಗಿಸಬೇಕೇ?

ಇಶಾ ನಮಾಝ್ ಮುಗಿಸಿ, ಊಟ ಮಾಡಿ ಹಾಸಿಗೆಗೆ ಹೋಗುತ್ತೀರಿ. ದಿನವಿಡೀ ದುಡಿದು ಮೈ ದಣಿದಿದೆ. ಆದರೂ ನಿದ್ದೆ ಹತ್ತುವುದಿಲ್ಲ. ರಬಕವಿ-ಬನಹಟ್ಟಿಯಲ್ಲಾದರೆ ಪಕ್ಕದ ಓಣಿಯ ಪಾವರ್‌ಲೂಮ್ ಸದ್ದು, ಮುಧೋಳ-ಜಮಖಂಡಿ ರಸ್ತೆಯಲ್ಲಾದರೆ ಹಂಗಾಮಿನಲ್ಲಿ ರಾತ್ರಿಯೆಲ್ಲ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳ ಹಾಡು. ಸದ್ದು ನಿಂತರೂ ತಲೆಯೊಳಗಿನ ಚಿಂತೆ ನಿಲ್ಲುವುದಿಲ್ಲ. ಮಗಳ ಮದುವೆ, ಸಂಘದ ಸಾಲದ ಕಂತು, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲು. ಹೀಗೇ ಫಜ್ರ್ ಅಝಾನ್ ಕೇಳಿಸುತ್ತದೆ.

ಇಂಥವರಿಗೆ ಈಗ ಮೊಬೈಲಿನಲ್ಲಿ ಒಂದು ಹೊಸ ಸಲಹೆ ಸಿಗುತ್ತಿದೆ: "ಕುತ್ತಿಗೆಯ ನರ ಒತ್ತಿಕೊಂಡಿದೆ, ಮೂಳೆ ಸರಿಮಾಡಿಸಿಕೊಳ್ಳಿ, ನಿದ್ದೆ ತಾನೇ ಬರುತ್ತದೆ." ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಇದನ್ನು ಕೈರೋಪ್ರಾಕ್ಟಿಕ್ ಎನ್ನುತ್ತಾರೆ. ಇದರಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂಬುದನ್ನು ತಿಳಿದುಕೊಳ್ಳೋಣ.

ನಿದ್ದೆಗೂ ನರಕ್ಕೂ ಏನು ಸಂಬಂಧ?

ನಮ್ಮ ಇಚ್ಛೆಗೆ ಒಳಪಡದೆ ಕೆಲಸ ಮಾಡುವ ನರಮಂಡಲದಲ್ಲಿ ಮುಖ್ಯವಾಗಿ ಎರಡು ವಿಭಾಗಗಳಿವೆ. ಒಂದು ಎಚ್ಚರಿಸುವುದು, ಇನ್ನೊಂದು ತಣಿಸುವುದು. ಭಯ, ಸಿಟ್ಟು, ಚಿಂತೆ ಬಂದಾಗ ಮೊದಲನೆಯದು ಚುರುಕಾಗುತ್ತದೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಎರಡನೆಯದು ಎದೆಬಡಿತವನ್ನು ಇಳಿಸಿ, ದೇಹವನ್ನು ವಿಶ್ರಾಂತಿಗೆ ಅಣಿಗೊಳಿಸುತ್ತದೆ. ಎಚ್ಚರಿಸುವ ವಿಭಾಗ ಹಾಸಿಗೆಯಲ್ಲೂ ತಣ್ಣಗಾಗದಿದ್ದರೆ ಕಣ್ಣು ಮುಚ್ಚಿದರೂ ನಿದ್ದೆ ಬಾರದು. ಮೈ ದಣಿದರೂ ನಿದ್ದೆ ಬಾರದ ಗುಟ್ಟು ಇದೇ.

ಇದಲ್ಲದೆ ಮೆದುಳಿನೊಳಗೆ ಒಂದು ಗಡಿಯಾರವೂ ಇದೆ. ಕಣ್ಣಿನ ಮೂಲಕ ಬರುವ ಬೆಳಕು ಅದರ ಸಮಯವನ್ನು ಸರಿಪಡಿಸುತ್ತದೆ. ಕತ್ತಲಾದಾಗ ಅದು ಪೀನಿಯಲ್ ಎಂಬ ಸಣ್ಣ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಆ ಗ್ರಂಥಿ ಮೆಲಟೋನಿನ್ ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಮಲಗುವ ಮುಂಚೆ ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ಈ ಸಂದೇಶ ತಡವಾಗುತ್ತದೆ.

ಈ ಸಂದೇಶ ಸಾಗುವ ನರಮಾರ್ಗ ಮೆದುಳಿನಿಂದ ಬೆನ್ನುಹುರಿಗೆ ಇಳಿದು, ಕುತ್ತಿಗೆಯ ನರಗಂಟಿನ ಮೂಲಕ ಮತ್ತೆ ಮೇಲೇರಿ ಪೀನಿಯಲ್ ಗ್ರಂಥಿಯನ್ನು ತಲುಪುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ತೀವ್ರ ಗಾಯವಾದವರಲ್ಲಿ ರಾತ್ರಿಯ ಮೆಲಟೋನಿನ್ ಕುಸಿಯುವುದು ಇದರಿಂದಲೇ. ಹಾಗಾಗಿ ಕುತ್ತಿಗೆಗೂ ನಿದ್ದೆಗೂ ಸಂಬಂಧವೇ ಇಲ್ಲ ಎನ್ನಲಾಗದು. ಆದರೆ ಬೆನ್ನುಹುರಿಗೆ ಏಟು ಬೀಳುವುದು ಬೇರೆ, ಕುತ್ತಿಗೆ ಹಿಡಿದುಕೊಳ್ಳುವುದು ಬೇರೆ. ಕುತ್ತಿಗೆಯ ನೆಟಿಗೆ ತೆಗೆದರೆ ಈ ಮಾರ್ಗ ಸರಿಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಕೈರೋಪ್ರಾಕ್ಟಿಕ್ ಏನು ಮಾಡಬಲ್ಲದು?

ಈ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ ಡಿ.ಡಿ. ಪಾಮರ್ ಎಂಬವರು ಆರಂಭಿಸಿದರು. ಬೆನ್ನೆಲುಬಿನ ಮಣಿಗಳು ಸ್ಥಾನ ತಪ್ಪುವುದೇ ಹೆಚ್ಚಿನ ರೋಗಗಳಿಗೆ ಮೂಲ ಎಂಬುದು ಅವರ ವಾದವಾಗಿತ್ತು. ಇಂದಿನ ವೈದ್ಯವಿಜ್ಞಾನ ಅದನ್ನು ಒಪ್ಪುವುದಿಲ್ಲ. ನೆಟಿಗೆಯ ಸದ್ದು ಕೂಡ ಮೂಳೆ ಸ್ಥಾನಕ್ಕೆ ಕೂತ ಸದ್ದಲ್ಲ. ಕೀಲಿನ ದ್ರವದಲ್ಲಿ ಉಂಟಾಗುವ ಅನಿಲದ ಗುಳ್ಳೆಯಿಂದ ಅದು ಬರುತ್ತದೆ.

ಸೊಂಟನೋವಿಗೆ ಈ ಚಿಕಿತ್ಸೆಯಿಂದ ಕೆಲವರಿಗೆ ಸ್ವಲ್ಪಮಟ್ಟಿನ ಉಪಶಮನ ಸಿಗುವುದುಂಟು. ನೋವಿನಿಂದಲೇ ನಿದ್ದೆ ಕೆಟ್ಟಿದ್ದರೆ, ನೋವು ಇಳಿದಾಗ ನಿದ್ದೆಯೂ ಸುಧಾರಿಸಬಹುದು. ಆದರೆ ನಿದ್ರಾಹೀನತೆಗೇ ಇದು ಮದ್ದು ಎಂದು ಹೇಳುವಷ್ಟು ಪುರಾವೆ ಇಲ್ಲ. ದಿನವಿಡೀ ಮಗ್ಗದ ಮುಂದೆ ನಿಂತು ಅಥವಾ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕುತ್ತಿಗೆ-ಸೊಂಟ ಹಿಡಿದಿದ್ದರೆ ವೈದ್ಯರಿಗೆ ತೋರಿಸಿ. ಅವರ ಸಲಹೆಯಂತೆ ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಕಲಿಯುವುದು ಸುರಕ್ಷಿತ ದಾರಿ.

ಅಪಾಯ ಎಲ್ಲಿದೆ?

ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕ ಮೆದುಳಿಗೆ ಎರಡು ರಕ್ತನಾಳಗಳು ಹಾದುಹೋಗುತ್ತವೆ. ಮುಂಭಾಗದಲ್ಲಿ ಇನ್ನೆರಡು ದೊಡ್ಡ ನಾಳಗಳಿವೆ. ಕುತ್ತಿಗೆಯನ್ನು ಥಟ್ಟನೆ ತಿರುಗಿಸಿದಾಗ, ವಿರಳವಾಗಿಯಾದರೂ, ಇವುಗಳ ಒಳಪದರ ಹರಿದು ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತಗಲಬಹುದು. 2024ರಲ್ಲಿ ಬಳ್ಳಾರಿಯ 30 ವರ್ಷದ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಮಾಲೀಶು ಮಾಡಿಸಿಕೊಂಡಾಗ ಹೀಗೇ ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತರಬೇತಿಯಿಲ್ಲದ ಕೈ ಕುತ್ತಿಗೆ ತಿರುಗಿಸಿತ್ತು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ್ದರಿಂದ ಆತ ಚೇತರಿಸಿಕೊಂಡ. ನಮ್ಮ ಊರುಗಳಲ್ಲೂ ಕ್ಷೌರದ ಕೊನೆಗೆ ಕುತ್ತಿಗೆಯ ನೆಟಿಗೆ ತೆಗೆಸಿಕೊಳ್ಳುವ ರೂಢಿಯಿದೆ. "ತಲೆ ಒತ್ತಿದರೆ ಸಾಕು, ಕುತ್ತಿಗೆ ತಿರುಗಿಸಬೇಡಿ" ಎಂದು ಹೇಳಲು ಸಂಕೋಚ ಬೇಡ. ಕುತ್ತಿಗೆ ತಿರುಗಿಸಿದ ಮೇಲೆ ಹಿಂದೆಂದೂ ಬಾರದಂಥ ತಲೆನೋವು-ಕುತ್ತಿಗೆನೋವು, ತಲೆಸುತ್ತು, ತೊದಲು ಮಾತು, ಕೈಕಾಲಿನ ಬಲಹೀನತೆ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಅಪಾಯ ನಿದ್ದೆಗುಳಿಗೆಯದು. ಪಕ್ಕದ ಮನೆಯವರಿಗೆ ಕೊಟ್ಟ ಗುಳಿಗೆಯನ್ನು ನೀವು ನುಂಗಬೇಡಿ. ಈಗಾಗಲೇ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು.

ಹಾಗಾದರೆ ಮಾಡಬೇಕಾದ್ದೇನು?

ಹಳೆಯ ನಿದ್ರಾಹೀನತೆಗೆ ಇಂದು ತಜ್ಞರು ಮೊದಲು ಸೂಚಿಸುವುದು ಗುಳಿಗೆಯನ್ನಲ್ಲ, ನಿದ್ದೆಯ ಅಭ್ಯಾಸ ಮತ್ತು ಆಲೋಚನೆಯನ್ನು ತಿದ್ದುವ ಚಿಕಿತ್ಸೆಯನ್ನು. ಅದರ ಹಲವು ಅಂಶಗಳು ನಮ್ಮ ದೀನಿನ ದಿನಚರಿಗೆ ಹೊಂದಿಕೊಳ್ಳುವಂಥವು.

ರಾತ್ರಿ ಎಷ್ಟೇ ತಡವಾದರೂ ಏಳುವ ಹೊತ್ತು ಒಂದೇ ಇರಲಿ. ಫಜ್ರ್ ನಮಾಝ್ ಇದನ್ನು ಕಲಿಸುತ್ತದೆ. ಆಮೇಲೆ ಮತ್ತೆ ಮುಸುಕೆಳೆಯದೆ, ಹೊತ್ತು ಮೂಡಿದ ಮೇಲೆ ಸ್ವಲ್ಪ ಹೊತ್ತು ಬೆಳಕಿನಲ್ಲಿ ನಡೆಯಿರಿ.

ಪ್ರವಾದಿ(ಸ) ಇಶಾದ ನಂತರ ಹರಟೆಯನ್ನು ಇಷ್ಟಪಡುತ್ತಿರಲಿಲ್ಲ ಎಂದು ಹದೀಸ್‌ಗಳಲ್ಲಿದೆ. ಇಂದಿನ ಹರಟೆ ಮೊಬೈಲಿನಲ್ಲಿದೆ. ಮಲಗುವ ಒಂದು ತಾಸು ಮೊದಲೇ ಅದನ್ನು ಬೇರೆ ಕೋಣೆಯಲ್ಲಿಡಿ.

ಚಹಾದಲ್ಲಿರುವ ಕೆಫೀನಿನ ಅರ್ಧದಷ್ಟು ಭಾಗ ಸುಮಾರು 5 ತಾಸಿನ ನಂತರವೂ ದೇಹದಲ್ಲಿರುತ್ತದೆ. ಅಸರ್ ನಂತರ ಚಹಾ ಬಿಡಿ.

ಮಧ್ಯಾಹ್ನದ ಖೈಲೂಲಾ ಒಳ್ಳೆಯದೇ, ಆದರೆ 20-30 ನಿಮಿಷ ಸಾಕು.

ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು ಝಿಕ್ರ್ ಮಾಡಿ. ಉಸಿರನ್ನು ಮೆಲ್ಲಗೆ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ನಿಡಿದಾದ ನಿಶ್ವಾಸ ತಣಿಸುವ ನರವಿಭಾಗಕ್ಕೆ ಬಲ ಕೊಡುತ್ತದೆ. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಮರಳಿ.

ಮಗ್ಗ ಅಥವಾ ಸಕ್ಕರೆ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದವರಿಗೆ ಹಗಲೇ ರಾತ್ರಿ. ಕಿಟಕಿಗೆ ದಪ್ಪ ಪರದೆ ಕಟ್ಟಿ. ಮಕ್ಕಳು, ಬಂದುಹೋಗುವವರು ಆ ಹೊತ್ತು ಸದ್ದು ಮಾಡದಂತೆ ಮನೆಯವರು ನೋಡಿಕೊಳ್ಳಬೇಕು.

ಯಾವಾಗ ವೈದ್ಯರ ಬಳಿ ಹೋಗಬೇಕು?

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟರೆ ಅದು ಹಳೆಯ ನಿದ್ರಾಹೀನತೆ. ಅಷ್ಟು ಕಾಯದೆಯೇ ವೈದ್ಯರನ್ನು ಕಾಣಿರಿ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ಥೈರಾಯ್ಡ್, ಸಕ್ಕರೆ ಕಾಯಿಲೆಯಿಂದ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಇವಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ಮುಚ್ಚಿಡಬೇಡಿ. ಅದು ಈಮಾನಿನ ಕೊರತೆಯಲ್ಲ, ಕಾಯಿಲೆ. ಸರ್ಕಾರದ ಟೆಲಿ-ಮಾನಸ್ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಿದ್ದೆಯನ್ನು ವಿಶ್ರಾಂತಿಗಾಗಿ ಕೊಟ್ಟಿರುವುದಾಗಿ ಅಲ್ಲಾಹನು ಸೂರಃ ಅನ್ನಬಅ್‌ನಲ್ಲಿ ನೆನಪಿಸಿದ್ದಾನೆ. ರಾತ್ರಿಯಿಡೀ ಆರಾಧನೆಯಲ್ಲಿ ನಿಲ್ಲುತ್ತಿದ್ದ ಸಹಾಬಿಗೆ, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ತಿಳಿಹೇಳಿದರು. ಇಂದು ರಾತ್ರಿ ಆ ಹಕ್ಕನ್ನು ನಿಮ್ಮ ದೇಹಕ್ಕೆ ಕೊಡಿ. ಕುತ್ತಿಗೆಯನ್ನು ಮಾತ್ರ ಯಾರ ಕೈಗೂ ಸುಮ್ಮನೆ ಕೊಡಬೇಡಿ.