ಅಂಗಳದ ನಿತ್ಯಪುಷ್ಪ, ಲಿಂಫೋಮಾದ ಮದ್ದು

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಅಂಗಳಗಳಲ್ಲಿ ನಿತ್ಯಪುಷ್ಪ ಆರೈಕೆಯಿಲ್ಲದೆಯೂ ಹೂ ಬಿಡುತ್ತದೆ. ಈ ಗಿಡದಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಮದ್ದೆಂದು ಒಪ್ಪಿಗೆ ಸಿಕ್ಕಿತು. ದುಗ್ಧಗ್ರಂಥಿಗಳ ಕ್ಯಾನ್ಸರ್ ಲಿಂಫೋಮಾಕ್ಕೆ ಇಂದಿಗೂ ಕೊಡುವ ‘ಚಾಪ್’ ಚಿಕಿತ್ಸೆಯ ನಾಲ್ಕು ಮದ್ದುಗಳಲ್ಲಿ ಅದೂ ಒಂದು.

ನಾಲ್ಕು ಯಾಕೆ? ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್ ಜೀವಕೋಶದ ಡಿಎನ್‌ಎ ಕೆಡಿಸುತ್ತವೆ. ವಿನ್‌ಕ್ರಿಸ್ಟಿನ್ ಕೋಶ ಇಬ್ಭಾಗವಾಗದಂತೆ ತಡೆಯುತ್ತದೆ. ಪ್ರೆಡ್ನಿಸೊಲೋನ್ ಕೆಟ್ಟ ಲಿಂಫೊಸೈಟ್‌ ಎಂಬ ಬಿಳಿ ರಕ್ತಕಣಗಳನ್ನು ಸಾಯಿಸುತ್ತದೆ. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಗುತ್ತದೆ.

ಮದ್ದು ಹೆಚ್ಚಿದರೆ ಗುಣ ಹೆಚ್ಚುತ್ತದೆಯೇ? 1993ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ ಚಾಪ್ ಜೊತೆ ಇನ್ನಷ್ಟು ಮದ್ದು ಸೇರಿಸಿದ ಮೂರು ಹೊಸ ಚಿಕಿತ್ಸೆಗಳನ್ನು 899 ರೋಗಿಗಳಲ್ಲಿ ತೂಗಿ ನೋಡಿತು. ಮೂರೂ ಚಾಪ್‌ಗಿಂತ ಮೇಲೆನಿಸಲಿಲ್ಲ.

ಅಪರೂಪದ ಟಿ-ಕೋಶ ಲಿಂಫೋಮಾದಲ್ಲಿ ಮಾತ್ರ ಚಾಪ್‌ನ ಫಲ ಅಷ್ಟಕ್ಕಷ್ಟೆ. ಅದಕ್ಕಾಗಿ ನಡೆದ ‘ಎಕಲಾನ್-2’ ಪರೀಕ್ಷೆಯಲ್ಲಿ 17 ದೇಶಗಳ 452 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಚಾಪ್; ಉಳಿದವರಿಗೆ ಅದೇ ಚಾಪ್, ಆದರೆ ವಿನ್‌ಕ್ರಿಸ್ಟಿನ್ ಬದಲು ಸಿಡಿ30 ಗುರುತಿರುವ ಕೋಶವನ್ನೇ ಹುಡುಕಿ ಹೋಗುವ ಬ್ರೆಂಟುಕ್ಸಿಮಾಬ್ ವೆಡೋಟಿನ್. ಯಾರಿಗೆ ಯಾವುದು ಸಿಗುತ್ತಿದೆಯೆಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ರೋಗ ಮುಂದುವರಿಯದೆ ಕಳೆದ ಮಧ್ಯಮ ಅವಧಿ ಚಾಪ್‌ನಲ್ಲಿ 20.8 ತಿಂಗಳು, ಹೊಸ ಕೂಟದಲ್ಲಿ 48.2. ಬದುಕುಳಿದವರೂ ಹೆಚ್ಚು. 2018ರ ನವೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಅಂಗಳದ ಹೂವಿನ ಮದ್ದು ಅಲ್ಲಿ ಜಾಗ ಬಿಟ್ಟುಕೊಟ್ಟಿತು.

ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ರೋಗಿ ಒಪ್ಪಿದರೆ ಮಾತ್ರ ಸೇರ್ಪಡೆ, ಬೇಡವೆನಿಸಿದಾಗ ಹೊರಬರಬಹುದು. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ. ಇವುಗಳ ಬಗ್ಗೆ ವಿಚಾರಿಸಲು ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿದೆ, ಮಂಗಳೂರಿನಲ್ಲಿ ಕ್ಯಾನ್ಸರ್ ತಜ್ಞರಿದ್ದಾರೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೂ ದಾರಿಯಿದೆ.

ಮದ್ದು ಸಿಗುವ ಮೊದಲು ರೋಗ ಗುರುತಾಗಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ವಾರಗಟ್ಟಲೆ ಕರಗದಿದ್ದರೆ, ರಾತ್ರಿ ಬೆವರಿ ತೂಕ ಇಳಿಯುತ್ತಿದ್ದರೆ, ಕ್ಷಯವೆಂದು ಊಹಿಸಿ ಕೂರಬೇಡಿ. ಬಯಾಪ್ಸಿ ಮಾಡಿಸಿ. ನಿತ್ಯಪುಷ್ಪದ ಎಲೆ ಕುದಿಸಿ ಕಷಾಯ ಕುಡಿಯಲೂ ಬೇಡಿ, ಆ ಗಿಡದಲ್ಲಿ ವಿಷವಿದೆ. ಲಿಂಫೋಮಾ ಎಂದು ಖಚಿತವಾದರೆ ಅದು ಯಾವ ಬಗೆಯದು, ನಮಗೆ ಹೊಂದುವ ಪರೀಕ್ಷೆ ಎಲ್ಲಾದರೂ ನಡೆಯುತ್ತಿದೆಯೇ ಎಂದು ವೈದ್ಯರನ್ನು ಕೇಳಿ.