ಬಸುರಿಯ ಹೊಟ್ಟೆ ಹಿಡಿದುಕೊಂಡಾಗ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆ ಭತ್ತದ ನಾಡು. ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಮೂಡಿ, ಕಾಲುವೆಗಳು ಹರಿದ ಮೇಲೆ ಇಲ್ಲಿನ ಬೇಸಾಯವೇ ಮಾರ್ಪಟ್ಟಿತು. ಹಚ್ಚೊಳ್ಳಿಯ ಕಡೆಯ ಗದ್ದೆಗಳಲ್ಲಿ ದಿನವೆಲ್ಲ ಬಾಗಿ ನಾಟಿ ಮಾಡುವ ಹೆಂಗಸರಲ್ಲಿ ಬಸುರಿಯರೂ ಇರುತ್ತಾರೆ. ಅವರಲ್ಲೊಬ್ಬಳು ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತಳೆನ್ನೋಣ. "ತಡಕ ಅವ್ವಾ, ಇದೆಲ್ಲಾ ಇರಾದೇ" ಎನ್ನುವರು ಕೆಲವರು. "ದವಾಖಾನಿಗೆ ಹೋಗಾನ ನಡಿ" ಎನ್ನುವರು ಮತ್ತೆ ಕೆಲವರು. ಯಾರ ಮಾತನ್ನು ಕೇಳಬೇಕು?

ಇರುಳಲ್ಲಿ ಮೀನಖಂಡ ಸೆಟೆದುಕೊಳ್ಳುವುದನ್ನು ಮೊದಲು ಬದಿಗಿಡೋಣ. ಕಾಲನ್ನು ನೀಳವಾಗಿ ಚಾಚಿ, ಬೆರಳುಗಳನ್ನು ಮೊಣಕಾಲಿನತ್ತ ಎಳೆದರೆ ಅದು ಸಡಿಲುತ್ತದೆ. ಆದರೆ ಒಂದೇ ಕಾಲು ಬಾತು, ಬಿಸಿಯಾಗಿ ನೋಯುತ್ತಿದ್ದರೆ ಅದು ಸೆಳೆತವಲ್ಲ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಬಾಗಿದವಳು ತಟ್ಟನೆ ನೆಟ್ಟಗಾದಾಗ ತೊಡೆಸಂದಿನಲ್ಲಿ ಚುಚ್ಚಿದಂತಾಗುವುದಕ್ಕೆ ಕಾರಣ ಬೇರೆ. ಗರ್ಭಕೋಶವನ್ನು ಎರಡು ಪಕ್ಕಗಳಿಂದ ಹಿಡಿದಿರುವ ಹಗ್ಗದಂಥ ಕಟ್ಟುಗಳು ಆಗ ಹಠಾತ್ತನೆ ಜಗ್ಗುತ್ತವೆ. ಸುಮಾರು 70 ಗ್ರಾಂ ತೂಕದ ಗರ್ಭಕೋಶ ತಿಂಗಳು ತುಂಬುವ ವೇಳೆಗೆ ಒಂದು ಕಿಲೋಗ್ರಾಂ ಮೀರುತ್ತದೆಂದರೆ, ಆ ಕಟ್ಟುಗಳ ಪಾಡನ್ನು ವಾಚಕರು ಊಹಿಸಬಹುದು.

ಇನ್ನು ಗರ್ಭಕೋಶದ್ದೇ ಸೆಳೆತ. ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿದು ತಾನಾಗಿ ಸಡಿಲುವುದನ್ನು 1872ರಲ್ಲಿ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಆಂಗ್ಲ ವೈದ್ಯ ವಿವರಿಸಿದನು. ನಮ್ಮ ಅಜ್ಜಿಯರು ಇದಕ್ಕೆ ಅವನಿಗಿಂತ ಮೊದಲೇ ಹುಸಿಬೇನೆ ಎಂದಿದ್ದರೆ ಆಶ್ಚರ್ಯವಿಲ್ಲ. ಹುಸಿಯೇಕೆ? ಬಸಿರಿನ ಬಹುಕಾಲ ಗರ್ಭಕೋಶದ ಸ್ನಾಯುಕೋಶಗಳ ನಡುವೆ ಸಂಪರ್ಕದ ದ್ವಾರಗಳು ವಿರಳ. ಒಂದೆಡೆ ಎದ್ದ ಬಿಗಿತ ಇಡೀ ಕೋಶಕ್ಕೆ ಹಬ್ಬದೆ ಅಲ್ಲಲ್ಲೇ ಅಡಗುತ್ತದೆ. ಹೆರಿಗೆ ಸಮೀಪಿಸಿದಾಗ ಈ ದ್ವಾರಗಳು ಹೇರಳವಾಗಿ ಮೂಡುತ್ತವೆ. ಆಗ ಕೋಟ್ಯಂತರ ಕೋಶಗಳು ಏಕಕಾಲಕ್ಕೆ ಸಂಕುಚಿಸಿ ಶಿಶುವನ್ನು ಕೆಳಕ್ಕೆ ನೂಕುತ್ತವೆ. ಆದ್ದರಿಂದಲೇ ಹುಸಿಬೇನೆಗೆ ಕ್ರಮವಿಲ್ಲ. ನಿಜಬೇನೆ ಗಡಿಯಾರ ಹಿಡಿದಂತೆ ಬರುತ್ತದೆ, ಬರಬರುತ್ತ ಬಲಗೊಳ್ಳುತ್ತದೆ, ಮಲಗಿದರೂ ನಿಲ್ಲದು.

ಬಳ್ಳಾರಿಯ ಬಿಸಿಲು ಇಲ್ಲಿ ಒಂದು ತೊಡಕನ್ನು ತರುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಸೆಕೆಯಲ್ಲಿ ಬೆವರು ಹರಿದು, ನೀರು ಕುಡಿಯದಿದ್ದರೆ ಹುಸಿಬೇನೆ ಹೆಚ್ಚುತ್ತದೆ. ಮೂತ್ರನಾಳದ ಸೋಂಕಿಗೂ ಅದೇ ದಾರಿ. ಆ ಸೋಂಕು ಅಕಾಲದ ಹೆರಿಗೆಯನ್ನು ಕರೆಯಬಲ್ಲುದು. ಆದುದರಿಂದ ಮೊದಲ ಪರೀಕ್ಷೆ ಸುಲಭ: ನೆರಳಿಗೆ ಬಂದು, ನೀರು ಕುಡಿದು, ಎಡಮಗ್ಗುಲಾಗಿ ಮಲಗಿ, ಕೈಗಡಿಯಾರದಲ್ಲಿ ಬಿಗಿತಗಳನ್ನು ಎಣಿಸುವುದು. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ ಈ ಎಣಿಕೆಯನ್ನು ವಿದ್ಯಾರ್ಥಿಗಳೂ ಮಾಡಬಲ್ಲರು.

37 ವಾರ ತುಂಬುವ ಮೊದಲೇ ಬಿಗಿತಗಳು ಕ್ರಮವಾಗಿ ಮರುಕಳಿಸಿದರೆ ತಡ ಸಲ್ಲದು. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಅವಧಿಗೆ ಮುನ್ನ ಹುಟ್ಟುವ ಕೂಸಿನ ಎಳೆಯ ಶ್ವಾಸಕೋಶ ಬೇಗ ಬಲಿಯುತ್ತದೆ. ಆ ಮದ್ದು ಪೂರ್ಣ ಫಲ ಕೊಡಲು ಸುಮಾರು ಒಂದು ದಿನ ಬೇಕು. "ತಡಕ" ಎನ್ನುವ ಮಾತು ನುಂಗಿಹಾಕುವುದು ಆ ಒಂದು ದಿನವನ್ನೇ.

ರಕ್ತ ಅಥವಾ ನೀರು ಹೋಗುವುದು, ಜ್ವರ, ಉರಿಮೂತ್ರ, ತಲೆನೋವು ಮತ್ತು ಮಬ್ಬುಗಣ್ಣಿನೊಡನೆ ಹೊಟ್ಟೆಯ ಮೇಲ್ಭಾಗದ ನೋವು, ಕೂಸಿನ ಅಲುಗಾಟ ಕುಗ್ಗುವುದು, ಮೊದಲ ತಿಂಗಳುಗಳಲ್ಲಾದರೆ ಒಂದೇ ಪಕ್ಕದ ಕಡುನೋವು ಮತ್ತು ತಲೆಸುತ್ತು: ಇವುಗಳಲ್ಲಿ ಯಾವುದಿದ್ದರೂ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡತಕ್ಕದ್ದು. ಹೊರಡುವಾಗ ತಾಯಿ ಕಾರ್ಡು ಜೊತೆಗಿರಲಿ. ಹಿಂದಿನ ತಪಾಸಣೆಗಳ ವಿವರ ಅದರಲ್ಲಿರುತ್ತದೆ.