ಗುಲಾಬಿ ಕಬ್ಬಕ್ಕಿಯ ಬೆನ್ನುಹತ್ತುವ ಪಿಎಚ್.ಡಿ.

ಹಾಡುಹಕ್ಕಿಗಳ ಗುಂಪಿಗೆ ಸೇರಿದ ಗುಲಾಬಿ ಕಬ್ಬಕ್ಕಿ ಮೈನಾದ ದಾಯಾದಿ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ತೂಕ ಸುಮಾರು 70 ಗ್ರಾಂ. ಮೇ, ಜೂನ್‌ನಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ, ಮಿಡತೆ ಹೇರಳವಾಗಿರುವ ಕಡೆ, ಕಲ್ಲಿನ ಸಂದಿಗಳಲ್ಲಿ ಗೂಡು ಕಟ್ಟುತ್ತದೆ. ಮರಿ ಬಲಿತದ್ದೇ ತಡ, ಭಾರತದತ್ತ ಹೊರಡುತ್ತದೆ. ಏಪ್ರಿಲ್ ವರೆಗೂ ಇಲ್ಲೇ ಠಿಕಾಣಿ. ವರ್ಷದ ಹೆಚ್ಚು ದಿನ ಇಲ್ಲಿ ಕಳೆಯುವ ಹಕ್ಕಿಯನ್ನು ವಿದೇಶಿ ಅತಿಥಿ ಎನ್ನುವುದು ಅಷ್ಟೇನೂ ಸರಿಯಲ್ಲ.

ಬಳ್ಳಾರಿ ಸೀಮೆಯ ಎರೆಹೊಲಗಳಿಗೆ ಇದು ಹಳೆಯ ಪರಿಚಯ. ಜೋಳ ಹಾಲುಗಾಳಾದಾಗ ಹಿಂಡು ಇಳಿದರೆ ಕವಣೆ ಬೀಸಲೇಬೇಕು. ಅದೇ ಹಿಂಡು ಮಿಡತೆ, ಹುಳುಗಳನ್ನೂ ಮುಕ್ಕುತ್ತದೆ. ಫಾಲ್ಗುಣದಲ್ಲಿ ಮುತ್ತುಗ ಅರಳಿದರೆ ಮಕರಂದ ಹೀರಿ, ಹಣೆಗೆ ಪರಾಗ ಮೆತ್ತಿಕೊಂಡು ಇನ್ನೊಂದು ಮರಕ್ಕೆ ಹಾರುತ್ತದೆ. ಹಗರಿ ನದಿ ಹರಿಯುವ ರಾರಾವಿ ಊರಿನ ಸುತ್ತ, ಸಿರುಗುಪ್ಪ ತಾಲ್ಲೂಕಿನಲ್ಲಿ ಈಗ ತುಂಗಭದ್ರಾ ಕಾಲುವೆಯ ಭತ್ತದ್ದೇ ಮೇಲುಗೈ. ಜೋಳದ ಜಾಗಕ್ಕೆ ಭತ್ತ ಬಂದರೆ ಹಕ್ಕಿ ಏನು ತಿನ್ನುತ್ತದೆ, ಎಷ್ಟು ದಿನ ನಿಲ್ಲುತ್ತದೆ? ‘ಕಬ್ಬಕ್ಕಿಯ ವಲಸೆ’ ಎಂಬ ಅಗಲವಾದ ತಲೆಬರಹಕ್ಕಿಂತ ಇಂಥ ಕಿರಿದಾದ ಪ್ರಶ್ನೆಯೇ ಪಿಎಚ್.ಡಿ.ಗೆ ಒಳ್ಳೆಯದು.

ಏಕೆಂದರೆ ಕೈಯಲ್ಲಿರುವ ಕಾಲ ಕಡಿಮೆ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್‌ ಇದರಲ್ಲೇ ಮುಗಿಯಬೇಕು. ಹಕ್ಕಿ ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಒಂದು ಹಂಗಾಮು ತಪ್ಪಿದರೆ ಒಂದು ವರ್ಷವೇ ಹೋದಂತೆ. ಹಕ್ಕಿ ಹಿಡಿಯಬೇಕಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಆ ಅರ್ಜಿಯನ್ನು ಮೊದಲ ವರ್ಷವೇ ಹಾಕುವುದು ಜಾಣತನ.

ಹಕ್ಕಿಯ ಜಾಡು ಹಿಡಿಯುವ ಸಲಕರಣೆಯ ಆಯ್ಕೆಯಲ್ಲಿ ಎಡವುವುದು ಸುಲಭ. ಹಕ್ಕಿಯ ಮೇಲೆ ಹೊರಿಸುವ ಭಾರ ಅದರ ತೂಕದ ಶೇ 3ರಿಂದ 5ನ್ನು ಮೀರಬಾರದೆಂಬುದು ರೂಢಿ. ಶೇ 3 ಎಂದರೆ ಕಬ್ಬಕ್ಕಿಗೆ ಸುಮಾರು 2 ಗ್ರಾಂ. ಜಿಯೋಲೊಕೇಟರ್ ಇದಕ್ಕಿಂತ ಹಗುರ, ಅಗ್ಗ. ಅದು ಬೆಳಕನ್ನಷ್ಟೇ ಅಳೆಯುತ್ತದೆ. ಹಗಲಿನ ಉದ್ದದಿಂದ ಅಕ್ಷಾಂಶವನ್ನೂ ನಡುಹಗಲಿನ ವೇಳೆಯಿಂದ ರೇಖಾಂಶವನ್ನೂ ಲೆಕ್ಕಹಾಕಬೇಕು. ಮಾರ್ಚ್, ಸೆಪ್ಟೆಂಬರ್‌ನ ಸಮರಾತ್ರಿಯ ಆಸುಪಾಸಿನಲ್ಲಿ ಹಗಲು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಕ್ಷಾಂಶ ಸಿಗುವುದಿಲ್ಲ. ಸಾಲದ್ದಕ್ಕೆ, ಮಾಹಿತಿ ಬೇಕಾದರೆ ಅದೇ ಹಕ್ಕಿಯನ್ನು ಮತ್ತೆ ಹಿಡಿಯಬೇಕು. ಸಾವಿರಗಟ್ಟಲೆ ಹಿಂಡಾಗಿ, ಮೇವು ಇದ್ದಲ್ಲಿಗೆ ಅಲೆಯುವ ಕಬ್ಬಕ್ಕಿಯ ವಿಷಯದಲ್ಲಿ ಇದು ಜೂಜೇ ಸರಿ. ದುಬಾರಿಯಾದರೂ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರೇ ವಾಸಿ.

ಹಕ್ಕಿ ಎಲ್ಲಿಂದ ಬಂತೆಂದು ತಿಳಿಯಲು ಗರಿಯೊಂದನ್ನು ಪರೀಕ್ಷಿಸುವ ದಾರಿಯೂ ಇದೆ. ಮಳೆನೀರಿನ ಹೈಡ್ರೋಜನ್ ಐಸೊಟೋಪುಗಳ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಆಹಾರದ ಮೂಲಕ ಆ ಗುರುತು ಬೆಳೆಯುವ ಗರಿಯಲ್ಲಿ ಉಳಿಯುತ್ತದೆ. ಆದರೆ ಗರಿ ಮೂಡಿದ್ದು ತವರಿನಲ್ಲೋ ಭಾರತಕ್ಕೆ ಬಂದ ಮೇಲೋ ಎಂಬುದು ಖಚಿತವಾಗದೆ ಫಲಿತಾಂಶಕ್ಕೆ ಬೆಲೆಯಿಲ್ಲ.

ದುಡ್ಡಿಲ್ಲದೆಯೂ ಆಗುವ ಕೆಲಸ ಬಹಳ. ಬಳ್ಳಾರಿ ಜಾಲಿಯ ಪೊದೆಗಳಲ್ಲಿ ಸಂಜೆ ಕೂರುವ ಹಿಂಡುಗಳನ್ನು ಎಣಿಸಬಹುದು, ಮೇವನ್ನು ದಾಖಲಿಸಬಹುದು, ಬಂದ ದಿನ ಹೋದ ದಿನ ಬರೆದಿಡಬಹುದು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಶುರುವಾದ ಮೈಗ್ರಂಟ್‌ವಾಚ್ ಜನಸಾಮಾನ್ಯರಿಂದ ಇಂಥ ತಾರೀಕುಗಳನ್ನೇ ಕೂಡಿಹಾಕಿತ್ತು. ಈಗ ಇ-ಬರ್ಡ್ ಜಾಲತಾಣ ಇದೆ. ಹೊಲದಲ್ಲಿ ಮೊದಲ ಹಿಂಡು ಕಂಡ ದಿನವನ್ನು ಯಾರು ಬೇಕಾದರೂ ಅಲ್ಲಿ ದಾಖಲಿಸಬಹುದು.